ಹಳೆಯ ಬಂಡಿ, ಹೊಸ ಒಡಲು



ಎರಡು ಆಸನದ ಸ್ಪೋರ್ಟ್ಸ್ ಕಾರೊಂದನ್ನು ಮನೆಯಲ್ಲಿಯೇ ಕಟ್ಟಬೇಕೆಂಬ ಹಂಬಲ ಇಂದಿನ ಕೆಲವು ತರುಣರಲ್ಲಿ ಕಾಣುತ್ತಿದೆ. ಎಂಜಿನಿಯರಿಂಗ್ ಓದುವ ಮಗ ಹಿತ್ತಿಲ ಕೊಟ್ಟಿಗೆಯನ್ನು ತೆರವು ಮಾಡಿಕೊಡಿರೆಂದಾಗ ತಂದೆ ಬೆರಗಾಗುತ್ತಾರೆ, ತಾಯಿ ಅಂಜುತ್ತಾರೆ. ಇಂಥ ಬಯಕೆಯನ್ನು ಗದರಿಸಿ ಅಡಗಿಸುವುದು ಸರಿಯಲ್ಲ. ಕೇಳಿದಷ್ಟು ಹಣ ಕೊಟ್ಟು ಸುಮ್ಮನಾಗುವುದೂ ಸರಿಯಲ್ಲ. ಈ ಕೆಲಸದ ಮೊದಲ ಹೆಜ್ಜೆ ಹಳೆಯ ಕಾರೊಂದರ ಆಯ್ಕೆ. ಅದನ್ನು ಕುರಿತು ಮನೆಯ ಹಿರಿಯರು ತಿಳಿದಿರಬೇಕಾದ ಸಂಗತಿಗಳನ್ನು, ಬಲ್ಲವರಿಂದ ಕೇಳಿ ತಿಳಿದಷ್ಟನ್ನು, ನಾವು ಇಲ್ಲಿ ಹೇಳಬಯಸುತ್ತೇವೆ.

ಕಾರು ಕಟ್ಟುವವರು ಎಂಜಿನ್, ಗೇರ್‌ಬಾಕ್ಸ್, ಸ್ಟೀರಿಂಗ್, ಬ್ರೇಕುಗಳನ್ನು ತಾವೇ ತಯಾರಿಸುವುದಿಲ್ಲ. ಹಳೆಯ ಕಾರಿನಿಂದ ಅವನ್ನು ಬಿಚ್ಚಿ, ಉಕ್ಕಿನ ಕೊಳವೆಗಳಿಂದ ಬೆಸೆದ ಹೊಸ ಚೌಕಟ್ಟಿಗೆ ಜೋಡಿಸುತ್ತಾರೆ. ಹೀಗೆ ತನ್ನ ಅಂಗಗಳನ್ನು ಕೊಡುವ ಕಾರಿಗೆ ‘ದಾನಿ ಕಾರು’ ಎಂದು ಹೆಸರು. 1948ರಲ್ಲಿ ಲಂಡನ್ನಿನ ಕಾಲಿನ್ ಚಾಪ್‌ಮನ್ ಎಂಬ ತರುಣ ಹಳೆಯ ಆಸ್ಟಿನ್ ಸೆವೆನ್ ಕಾರೊಂದನ್ನು ಬಿಚ್ಚಿ ತನ್ನ ಮೊದಲ ಕಾರನ್ನು ಕಟ್ಟಿದನು. ಲೋಟಸ್ ಎಂಬ ಹೆಸರಾಂತ ಸಂಸ್ಥೆ ಬೆಳೆದುದು ಆ ಬೀಜದಿಂದ. ಆಸ್ಟಿನ್ ಸೆವೆನ್ ಸಿರಿವಂತರ ವಾಹನವಾಗಿರಲಿಲ್ಲ, ಸಾಮಾನ್ಯ ಸಂಸಾರಗಳ ಪುಟ್ಟ ಕಾರಾಗಿತ್ತು. ಆದುದರಿಂದ ದುಬಾರಿ ಕಾರೇ ಬೇಕೆಂದು ಮಗ ಹಟ ಹಿಡಿದರೆ ಈ ಕಥೆಯನ್ನು ಅವನಿಗೆ ಹೇಳಬಹುದು.

1957ರ ಲೋಟಸ್ ಸೆವೆನ್ ಮಾದರಿಯನ್ನೇ ಇಂದಿಗೂ ಹಲವರು ಅನುಸರಿಸುತ್ತಾರೆ. ಅದರಲ್ಲಿ ಎಂಜಿನ್ ಮುಂದೆ ಇದ್ದು, ಹಿಂದಿನ ಗಾಲಿಗಳು ಬಂಡಿಯನ್ನು ತಳ್ಳುತ್ತವೆ. ಅದಕ್ಕೆ ಹೊಂದುವ ದಾನಿಯೂ ಅದೇ ಕ್ರಮದ್ದಾಗಿರಬೇಕು. ನಮ್ಮ ನಾಡಿನ ಹಳೆಯ ಕಾರುಗಳಲ್ಲಿ ಪ್ರೀಮಿಯರ್ ಪದ್ಮಿನಿ, ಅಂಬಾಸಿಡರ್, ಕಾಂಟೆಸ್ಸಾ ಮತ್ತು ಮಾರುತಿ ಜಿಪ್ಸಿ ಈ ಗುಂಪಿಗೆ ಸೇರಿದವು. ಮಾರುತಿ ಓಮ್ನಿಯ 796 ಸಿ.ಸಿ. ಎಂಜಿನ್ ಮುಂದಿನ ಆಸನದ ಕೆಳಗಿದ್ದರೂ ಅದು ತಿರುಗಿಸುವುದು ಹಿಂದಿನ ಗಾಲಿಗಳನ್ನೇ. ಬೆಂಗಳೂರಿನಲ್ಲಿ ತಯಾರಾಗುತ್ತಿದ್ದ ಸಿಪಾನಿ ಡಾಲ್ಫಿನ್ ಕೂಡ ಇದೇ ಕ್ರಮದ ಫೈಬರ್ ಒಡಲಿನ ಹಗುರ ಕಾರು. ಅದರ 848 ಸಿ.ಸಿ. ಎಂಜಿನ್ ಅಲ್ಯೂಮಿನಿಯಮ್ಮಿನದು. ಆದರೆ ಈಗ ಅದು ಅಪರೂಪ. ಸುಸ್ಥಿತಿಯಲ್ಲಿ ಉಳಿದಿರುವ ಡಾಲ್ಫಿನ್ ಸಿಕ್ಕಿದರೆ ಅದನ್ನು ಬಿಚ್ಚದೆ ಕಾಪಾಡುವುದೇ ಲೇಸು.

ಊರೂರಲ್ಲಿ ಕಂಡ ಮಾರುತಿ 800ರ ಕ್ರಮ ಬೇರೆ. ಅದರ ಎಂಜಿನ್ ಅಡ್ಡಲಾಗಿ ಕುಳಿತು ಮುಂದಿನ ಗಾಲಿಗಳನ್ನು ತಿರುಗಿಸುತ್ತದೆ. ಅದನ್ನು ಗೇರ್‌ಬಾಕ್ಸ್ ಸಮೇತ ಎತ್ತಿ ಚಾಲಕನ ಬೆನ್ನ ಹಿಂದೆ ಕೂರಿಸಿದರೆ ಹಿಂದಿನ ಗಾಲಿಗಳ ಓಟದ ಕಾರಾಗುತ್ತದೆ. ಮಾರುತಿ ಎಂಜಿನ್ನಿನ ‘ಫಾರ್ಮುಲಾ ಮಾರುತಿ’ ಎಂಬ ಒಂಟಿ ಆಸನದ ಕಾರುಗಳು ಒಮ್ಮೆ ನಮ್ಮ ದೇಶದ ರೇಸುಗಳಲ್ಲಿ ಓಡಿದವು. 2005ರಲ್ಲಿ ಫಾರ್ಮುಲಾ ಒನ್ ತಲುಪಿದ ಮೊದಲ ಭಾರತೀಯ ನರೇನ್ ಕಾರ್ತಿಕೇಯನ್ ಅವರು ರೇಸಿನಲ್ಲಿ ಮೊದಲ ಹೆಜ್ಜೆ ಇಟ್ಟಿದ್ದು ಅಂಥ ಕಾರಿನಲ್ಲಿ.

ಇನ್ನು ಕಾರನ್ನು ನೋಡುವ ಬಗೆ. ಗುಜರಿಯಲ್ಲಿ ಎಂಜಿನ್ ಒಂದು ಕಡೆ, ಆಕ್ಸಲ್ ಮತ್ತೊಂದು ಕಡೆ ಆರಿಸುವುದಕ್ಕಿಂತ ಓಡುತ್ತಿರುವ ಇಡೀ ಕಾರನ್ನು ಕೊಳ್ಳುವುದು ಮೇಲು. ಓಡಿಸಿ ನೋಡಿದರೆ ದೋಷ ತಿಳಿಯುತ್ತದೆ. ವೈರಿಂಗು, ಪೆಡಲು, ಮೀಟರುಗಳಂಥ ಸಣ್ಣಪುಟ್ಟವೂ ಒಟ್ಟಿಗೆ ದೊರೆಯುತ್ತವೆ. ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿಸಬೇಕು. ನೀಲಿ ಹೊಗೆ ಬಿಡುತ್ತಲೇ ಇದ್ದರೆ ಆಯಿಲ್ ಉರಿಯುತ್ತಿದೆ ಎಂದು ಅರ್ಥ. ಹೊರಮೈ ತಗ್ಗಿದ್ದರೆ ಚಿಂತೆಯಿಲ್ಲ, ಅದು ಹೇಗೂ ಬಳಕೆಗೆ ಬಾರದು. ಸ್ಟೀರಿಂಗ್, ಬ್ರೇಕು, ಆಕ್ಸಲುಗಳಿಗೆ ತುಕ್ಕು ಹಿಡಿದಿರಬಾರದು. ಮಲೆನಾಡಿನ ಅಂಚಿನ ನ್ಯಾಮತಿ, ಚನ್ನಗಿರಿಗಳ ಮಳೆಯಲ್ಲಿ ನೆನೆದು ನಿಂತ ಕಾರಿಗಿಂತ ಜಗಳೂರಿನ ಒಣ ಸೀಮೆಯಲ್ಲಿ ನಿಂತ ಕಾರಿನಲ್ಲಿ ತುಕ್ಕು ಕಡಿಮೆ ಇರುವ ಸಂಭವ ಹೆಚ್ಚು. ಅಡಿಕೆ ಸುಲಿಯುವ ಯಂತ್ರ, ಟ್ರ್ಯಾಕ್ಟರ್ ಟ್ರೈಲರುಗಳನ್ನು ರಿಪೇರಿ ಮಾಡುವ ವೆಲ್ಡಿಂಗ್ ಅಂಗಡಿಯವರು ನಮ್ಮಲ್ಲಿ ನಿಪುಣರೇ. ಆದರೆ ವೇಗವಾಗಿ ಓಡುವ ಕಾರಿನ ಚೌಕಟ್ಟಿನ ಬೆಸುಗೆಯ ಮೇಲೆ ಜೀವವೇ ನಿಂತಿರುತ್ತದೆ. ಅದನ್ನು ಬಲ್ಲ ಎಂಜಿನಿಯರರಿಗೆ ತೋರಿಸದೆ ಮುಂದುವರಿಯಕೂಡದು.

ಎಲ್ಲಕ್ಕೂ ಮಿಗಿಲಾದುದು ಕಾಗದಪತ್ರ. ಆರ್.ಸಿ.ಯಲ್ಲಿರುವ ಎಂಜಿನ್ ಸಂಖ್ಯೆ, ಚಾಸಿಸ್ ಸಂಖ್ಯೆಗಳು ಕಾರಿನ ಮೇಲೆ ಕೊರೆದವುಗಳಿಗೆ ಅಕ್ಷರಶಃ ಹೊಂದಬೇಕು. ಸಾಲದ ನಮೂದು ಇದ್ದರೆ ತೀರಿಸಿದ ಪತ್ರ ಬೇಕು. ದಾವಣಗೆರೆ ಜಿಲ್ಲೆಯಾದುದು 1997ರ ಆಗಸ್ಟ್ 15ರಂದು. ಅದಕ್ಕೆ ಮುನ್ನ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ಹೀಗಾಗಿ ಈ ಸೀಮೆಯ ಹಳೆಯ ಕಾರಿಗೆ ಕೆಎ-17ರ ಬದಲು ಕೆಎ-14 ಅಥವಾ ಕೆಎ-16 ಇದ್ದರೆ ಸಂಶಯ ಬೇಡ. ದಾಖಲೆ ವಿಚಾರಿಸಬೇಕಾದ ಕಚೇರಿ ಮಾತ್ರ ಬೇರೆ.

ಇಲ್ಲಿಯೇ ತಂದೆತಾಯಂದಿರು ಕಿವಿಗೊಡಬೇಕಾದ ಮಾತಿದೆ. ದಾನಿ ಕಾರಿನ ಆರ್.ಸಿ. ಹೊಸ ಕಾರಿಗೆ ಬರುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ತಯಾರಕರು ಕೊಟ್ಟ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಹೊಸ ವಾಹನವೆಂದು ನೋಂದಾಯಿಸಬೇಕಾದರೆ ಅದರ ಮಾದರಿ ಪುಣೆಯ ಎ.ಆರ್.ಎ.ಐ.ಯಂಥ ಸಂಸ್ಥೆಯ ಪರೀಕ್ಷೆಯಲ್ಲಿ ಗೆಲ್ಲಬೇಕು. ಅದರ ವೆಚ್ಚ ಒಂದು ಮನೆಗೆ ನಿಲುಕುವಂಥದ್ದಲ್ಲ. ಹಳೆಯ ಕಾರನ್ನು ಪೂರ್ತಿ ಬಿಚ್ಚಿ ಮತ್ತೆ ಓಡದಂತೆ ಮಾಡಿದರೆ, 55ನೆಯ ಕಲಮಿನಂತೆ 14 ದಿನಗಳೊಳಗೆ ನೋಂದಣಿ ಕಚೇರಿಗೆ ತಿಳಿಸಿ ಆರ್.ಸಿ. ಒಪ್ಪಿಸಬೇಕು.

ಆದುದರಿಂದ ಕಾರು ಹುಡುಕಲು ಹೊರಡುವ ಮುನ್ನವೇ ಮಗನೊಡನೆ ಕುಳಿತು ಒಂದನ್ನು ನಿಶ್ಚಯಿಸಿಕೊಳ್ಳಿ: ಈ ಕಾರು ಓಡುವುದು ಸ್ವಂತ ಜಮೀನಿನಲ್ಲಿ, ಇಲ್ಲವೇ ಅನುಮತಿ ದೊರೆತರೆ ಚೆನ್ನೈ, ಕೊಯಮತ್ತೂರುಗಳಲ್ಲಿರುವಂಥ ರೇಸಿನ ಅಂಗಳದಲ್ಲಿ, ಹೊನ್ನಾಳಿ ರಸ್ತೆಯಲ್ಲಿ ಅಲ್ಲ. ನೋಂದಣಿಯಿಲ್ಲದ ಕಾರಿಗೆ ವಿಮೆಯ ರಕ್ಷೆಯೂ ಇರದು. ರಸ್ತೆಯಲ್ಲಿ ಅವಘಡವಾದರೆ ಎದುರಿನವನ ಸಂಸಾರವೂ ನಮ್ಮ ಸಂಸಾರವೂ ಒಟ್ಟಿಗೆ ಬೀದಿಗೆ ಬರುತ್ತವೆ. ಈ ಕಟ್ಟನ್ನು ಒಪ್ಪಿದ ಮೇಲೂ ಮಗನ ಉತ್ಸಾಹ ಕುಗ್ಗದಿದ್ದರೆ ಅದು ಕಲಿಯುವವನ ಉತ್ಸಾಹವೆಂದು ತಿಳಿಯಿರಿ. ಆಗ ನಂಬಿಕಸ್ತ ಮೆಕ್ಯಾನಿಕನನ್ನು ಕರೆದುಕೊಂಡು, ಕಾರು ನೋಡಲು ತಂದೆಯೂ ಜೊತೆಗೆ ಹೋಗಲಿ.