ಧೂಳು ಹಿಡಿಸಿದ ಟ್ಯಾಂಕು

ಹೊಚ್ಚಹೊಸ ಆಟದ ಸಾಮಾನಿಗೆ ಕೈಯಾರೆ ಕೆಸರು ಮೆತ್ತಿ, ತುಕ್ಕು ಹಿಡಿಸುವ ಮಗನನ್ನು ಕಂಡರೆ ಮನೆಯ ಹಿರಿಯರು ಹುಬ್ಬೇರಿಸುವುದು ಸಹಜವೇ. ಆದರೆ ಟ್ಯಾಂಕಿನ ಮಾದರಿಗಳನ್ನು ಕಟ್ಟುವವರಿಗೆ ಅದೇ ಈ ವಿದ್ಯೆಯ ತಿರುಳು.

ಜಪಾನಿನ ಶಿಜುವೊಕಾ ನಗರದಲ್ಲಿ ಯೋಷಿಯೊ ತಮಿಯಾ ಎಂಬವರು 1946ರಲ್ಲಿ ಮರ ಕೊಯ್ಯುವ ಉದ್ಯಮವೊಂದನ್ನು ಆರಂಭಿಸಿದರು. ಮರದ ಮಾದರಿಗಳ ತಯಾರಿಕೆ ಅದರ ಉಪಕಸುಬು. 1951ರಲ್ಲಿ ಬೆಂಕಿ ಬಿದ್ದು ದಾಸ್ತಾನೆಲ್ಲ ಬೂದಿಯಾಯಿತು. ಮುಂದೆ ಮರದ ವ್ಯಾಪಾರ ಹೋಗಿ ಉಪಕಸುಬೇ ಉಳಿಯಿತು. 1960ರಲ್ಲಿ ಹೊರತಂದ ಮೊದಲ ಪ್ಲಾಸ್ಟಿಕ್ ಮಾದರಿ, ‘ಯಮಾಟೊ’ ಯುದ್ಧನೌಕೆ, ನಷ್ಟವನ್ನೇ ತಂದಿತು. ಮರುವರ್ಷ ಬಂದ ಜರ್ಮನಿಯ ‘ಪ್ಯಾಂಥರ್’ ಟ್ಯಾಂಕು ಸಂಸ್ಥೆಯ ಕೈಹಿಡಿಯಿತು.

ಅದು ಓಡುವ ಟ್ಯಾಂಕು. ಮೋಟಾರೂ ಎರಡು ಬ್ಯಾಟರಿಗಳೂ ಹಿಡಿಸುವಂತೆ ಅದರ ಒಡಲನ್ನು ರೂಪಿಸಿದರು; ಅನಂತರ ಲೆಕ್ಕ ಹಾಕಿದಾಗ ಅದು ಅಸಲಿನ ಸುಮಾರು 35ನೆಯ ಒಂದು ಪಾಲಾಗಿದ್ದಿತು. ಲೋಕದ ಹಲವು ತಯಾರಕರು ಇಂದಿಗೂ ಪಾಲಿಸುವ ಈ ಅಳತೆ ಹುಟ್ಟಿದುದು ಯಾವ ಶಾಸ್ತ್ರದಿಂದಲೂ ಅಲ್ಲ, ಬ್ಯಾಟರಿಯ ಗಾತ್ರದಿಂದ!

ಕಾಲಕ್ರಮದಲ್ಲಿ ಬಹುತೇಕ ಮಾದರಿಗಳಿಂದ ಮೋಟಾರು ಮಾಯವಾಯಿತು. ಓಡದ ಟ್ಯಾಂಕು ಬಹುದೂರ ಓಡಿ ಬಂದಂತೆ ಕಾಣಬೇಕಾಯಿತು. ಧೂಳಿಗೆ ಬೆಲೆ ಬಂದುದು ಇಲ್ಲಿಯೇ.

ಜೋಡಣೆ ತಾಳ್ಮೆಯ ಕೆಲಸವೇ ಹೊರತು ಕಷ್ಟದ್ದಲ್ಲ. ಇದರ ಅಂಟು ಗೋಂದಿನಂತೆ ನಡುವೆ ಕುಳಿತು ಹಿಡಿಯುವುದಿಲ್ಲ. ಪ್ಲಾಸ್ಟಿಕ್ಕನ್ನೇ ಕರಗಿಸಿ ಎರಡು ಅಂಚುಗಳನ್ನು ಒಂದಾಗಿಸುತ್ತದೆ. ಪರೀಕ್ಷೆ ಇರುವುದು ಬಣ್ಣದಲ್ಲಿ. ಅಸಲಿ ಟ್ಯಾಂಕಿನ ಮೇಲೆ ಬಿಸಿಲು ತಾನೇ ನೆರಳು ಬೀಳಿಸುತ್ತದೆ. ಗೇಣುದ್ದದ ಮಾದರಿಯಲ್ಲಿ ಆ ನೆರಳು ಕಣ್ಣಿಗೆ ನಿಲುಕದಷ್ಟು ಸಣ್ಣದು. ಆದುದರಿಂದ ಕಡುಕಂದು ಬಣ್ಣವನ್ನು ನೀರಿನಷ್ಟು ತೆಳ್ಳಗೆ ಮಾಡಿ ಹರಿಯಬಿಡುತ್ತಾರೆ. ಅದು ಸಂದುಗಳಿಗೆ ಇಳಿದು ನೆರಳಾಗಿ ನಿಲ್ಲುತ್ತದೆ. ಬಳಿಕ ಬಹುಪಾಲು ಒರೆಸಿದ ಕುಂಚದಿಂದ, ತಿಳಿಬಣ್ಣದಲ್ಲಿ, ಉಬ್ಬಿದ ಅಂಚುಗಳನ್ನು ಮೆಲ್ಲನೆ ಸವರುತ್ತಾರೆ. ಚಪ್ಪಟೆಯಾಗಿದ್ದ ಮೈಗೆ ಏರುತಗ್ಗುಗಳು ಮೂಡುತ್ತವೆ.

ಇಷ್ಟಾದ ಮೇಲೆ ಉತ್ಸಾಹ ಮಿತಿಮೀರುವ ಭಯವುಂಟು. ಮೈಯೆಲ್ಲ ತುಕ್ಕು ಬಳಿದ ಪ್ಯಾಂಥರ್ ನೋಡಲು ಸೊಗಸಾಗಿರಬಹುದು. ಆದರೆ ಅದು ನಂಬತಕ್ಕದ್ದಲ್ಲ. ಈ ಟ್ಯಾಂಕು ರಷ್ಯದ ಕುರ್ಸ್ಕ್ ರಣರಂಗಕ್ಕೆ ಮೊದಲು ಇಳಿದುದು 1943ರ ಜುಲೈಯಲ್ಲಿ; ಯೂರೋಪಿನಲ್ಲಿ ಯುದ್ಧ ಮುಗಿದುದು 1945ರ ಮೇ ತಿಂಗಳಲ್ಲಿ. ಎರಡು ವರ್ಷವೂ ತುಂಬದ ಆಯುಸ್ಸಿನಲ್ಲಿ ದಪ್ಪ ಉಕ್ಕಿನ ಕವಚ ತಿಂದುಹೋಗಲು ಸಮಯವೆಲ್ಲಿ? ತುಕ್ಕಿಗೆ ತಕ್ಕ ಸ್ಥಳ ಹಿಂಬದಿಯ ಹೊಗೆಕೊಳವೆ. ಅದು ಕಾದು ಕಾದು ಬಣ್ಣ ಕಳೆದುಕೊಳ್ಳುತ್ತದೆ. ನೆಲಕ್ಕೆ ತಾಗುವ ಸರಪಳಿ ಉಜ್ಜಿ ಹೊಳೆಯಬೇಕು. ಬೇಸಗೆಯಾದರೆ ಮಾಸಲು ಧೂಳು, ಶರತ್ಕಾಲದ ಮಳೆಯಾದರೆ ಕಪ್ಪು ಕೆಸರು. ಕೆಸರು ಚಕ್ರಗಳ ಬಳಿ ದಟ್ಟವಾಗಿ, ಮೇಲೇರಿದಂತೆ ವಿರಳವಾಗಬೇಕು. ಬಣ್ಣದ ಡಬ್ಬಿ ತೆರೆಯುವ ಮೊದಲೇ ತಿಂಗಳನ್ನೂ ದಾರಿಯನ್ನೂ ನಿಶ್ಚಯಿಸಿಕೊಂಡವನು ಜಾಣ.

ಇನ್ನು ಬಣ್ಣ ಸವೆದ ಗುರುತುಗಳನ್ನು ಎಲ್ಲೆಂದರಲ್ಲಿ ಚುಕ್ಕೆಯಿಡುವುದು ಸಲ್ಲದು. ಮೇಲ್ಗಡೆಯ ಬಾಗಿಲುಗಳ ಅಂಚಿನಲ್ಲಿ ಕೊಂಚ ಇದ್ದರೆ ಸಾಕು. ಒಳಗಿದ್ದ ಐವರು ದಿನವೂ ಹತ್ತಿ ಇಳಿದುದು ಅಲ್ಲಿಂದಲೇ.