ಗೆದ್ದವರು ಹುಬ್ಬಳ್ಳಿಗೆ

2022ರ ಮಹಾರಾಜ ಟ್ರೋಫಿ ಟಿ20 ಕ್ರಿಕೆಟ್ ಗೆದ್ದದ್ದು ನಮ್ಮ ಭಾಗದ ಗುಲ್ಬರ್ಗಾ ಮಿಸ್ಟಿಕ್ಸ್. ನಾಯಕ ಮನೀಷ್ ಪಾಂಡೆ. ಮರುವರ್ಷ ಪಾಂಡೆ ಹುಬ್ಬಳ್ಳಿ ಟೈಗರ್ಸ್ ಪಾಲಾದರು. 2023ರ ಕಪ್ಪೂ ಅವರ ಬೆನ್ನಿಗೇ ಹುಬ್ಬಳ್ಳಿಗೆ ಹೋಯಿತು. ಅಲ್ಲಿಗಾದರೂ ಮಿಸ್ಟಿಕ್ಸ್‌ಗೆ ಎಚ್ಚರವಾಗಬೇಕಿತ್ತು. 2025ರ ಹರಾಜಿನಲ್ಲಿ ಮಿಸ್ಟಿಕ್ಸ್‌ನಲ್ಲಿದ್ದ ದೇವದತ್ತ ಪಡಿಕ್ಕಲ್ ಕೂಡ 13.20 ಲಕ್ಷ ರೂಪಾಯಿಗೆ ಅದೇ ಹುಬ್ಬಳ್ಳಿ ಸೇರಿದರು, ಆ ತಂಡ ಫೈನಲ್ ತಲುಪಿತು.

ಹರಾಜಿನ ಹಣಕ್ಕೆ ಮಿತಿಯಿದೆ, ಎಲ್ಲರನ್ನೂ ಉಳಿಸಿಕೊಳ್ಳಲಾಗದು, ಒಪ್ಪೋಣ. ಆದರೆ ಯಾರನ್ನು ಬಿಡಬಾರದು ಎಂಬ ಲೆಕ್ಕವೇ ತಂಡ ಕಟ್ಟುವವರ ಕೆಲಸ. ಈ ಲೆಕ್ಕ ಐಪಿಎಲ್‌ನಲ್ಲಿ ಆರ್‌ಸಿಬಿಗೂ ತಪ್ಪಿತ್ತು. ಎಂಟು ವರ್ಷ ದುಡಿದ ಸ್ಪಿನ್ನರ್ ಚಾಹಲ್‌ರನ್ನು ಅದು ಕೈಬಿಟ್ಟಿತು. 2022ರಲ್ಲಿ ರಾಜಸ್ಥಾನ ಪರ 27 ವಿಕೆಟ್ ಕಿತ್ತು ಅವರು ಪರ್ಪಲ್ ಕ್ಯಾಪ್ ತೊಟ್ಟರು. ಆ ವರ್ಷ ಆರ್‌ಸಿಬಿಯನ್ನು ಫೈನಲ್ ಹೊಸ್ತಿಲಲ್ಲಿ ತಡೆದದ್ದೂ ರಾಜಸ್ಥಾನವೇ!

ಮಿಸ್ಟಿಕ್ಸ್‌ಗೆ ಇನ್ನೊಂದು ಕೊರತೆಯಿದೆ. ಪಂದ್ಯಗಳೆಲ್ಲ ನಡೆದದ್ದು ಮೈಸೂರು, ಬೆಂಗಳೂರಿನಲ್ಲಿ. ನಮ್ಮ ಭೂಸನೂರಿನ ಹುಡುಗ ತನ್ನ ತಂಡವನ್ನು ಮೊಬೈಲಿನಲ್ಲಷ್ಟೇ ಕಾಣಬೇಕು. ದುಬಾರಿ ತಾರೆಯರು ವರ್ಷಕ್ಕೊಂದು ಜೆರ್ಸಿ ಬದಲಿಸುವಾಗ ತಂಡಕ್ಕೆ ಗಟ್ಟಿಯಾಗಿ ನಿಲ್ಲುವವರು ಇಲ್ಲಿಯ ಹುಡುಗರೇ. ಮುಂದಿನ ಹರಾಜಿಗೆ ಮುನ್ನ ಮಾಲೀಕರು ಆಳಂದ, ಅಫಜಲಪುರ, ಜೇವರ್ಗಿಯ ಮೈದಾನಗಳಿಗೆ ಬಂದು ಟ್ರಯಲ್ಸ್ ನಡೆಸಲಿ.