ಮೂಲಾ ನಕ್ಷತ್ರವನ್ನು ನೋಡಿದವರು ಯಾರು?

ಮೃಗಶಿರಾ ಯಾರಿಗೆ ಗೊತ್ತಿಲ್ಲ ಹೇಳಿ? ಹೈದರಾಬಾದಿನಲ್ಲಿ ಜೂನ್ ಏಳು-ಎಂಟನೇ ತಾರೀಖು ಬಂತೆಂದರೆ ಮೃಗಶಿರಾ ಕಾರ್ತೆ. ನಾಂಪಲ್ಲಿಯ ಎಕ್ಸಿಬಿಷನ್ ಮೈದಾನದಲ್ಲಿ ಉಬ್ಬಸದವರಿಗೆ ಮೀನಿನ ಪ್ರಸಾದ ಕೊಡುತ್ತಾರೆ. ಎಲ್ಲೆಲ್ಲಿಂದಲೋ ಬಂದವರು ಸಾಲುಗಟ್ಟಿ ನಿಲ್ಲುತ್ತಾರೆ. ನಮ್ಮ ಸೇಡಂ ಕಡೆ ಅದೇ ದಿನಗಳಲ್ಲಿ ‘ಮಿರಗ ಕೂಡ್ತು’ ಅಂತ ಬಿತ್ತನೆಯ ಮಾತು ಶುರುವಾಗುತ್ತದೆ. ಆದರೆ ಆ ಸಾಲಿನಲ್ಲಿ ನಿಂತವರಲ್ಲಿ, ಹೊಲಕ್ಕೆ ಹೊರಟವರಲ್ಲಿ, ಮೃಗಶಿರಾ ನಕ್ಷತ್ರವನ್ನು ಕಣ್ಣಾರೆ ಕಂಡವರು ಎಷ್ಟು ಮಂದಿ? ಆ ದಿನಗಳಲ್ಲಂತೂ ಅದು ಕಾಣುವುದೇ ಇಲ್ಲ ಬಿಡಿ. ಸೂರ್ಯ ಯಾವ ನಕ್ಷತ್ರದ ಬಳಿ ಇರುತ್ತಾನೋ ಮಳೆಗೆ ಅದರ ಹೆಸರು. ಹಾಗಾಗಿ ಮಿರಗದ ಮಳೆ ಬೀಳುವಾಗ ಮಿರಗ ಸೂರ್ಯನ ಬೆಳಕಿನಲ್ಲಿ ಮುಳುಗಿರುತ್ತದೆ. ಅದನ್ನು ನೋಡಬೇಕಾದರೆ ಡಿಸೆಂಬರ್-ಜನವರಿಯ ಚಳಿಯಲ್ಲಿ ಚಾದರ ಹೊದ್ದು ಹೊರಗೆ ನಿಲ್ಲಬೇಕು.

ಹೆಸರಿಟ್ಟ ಹಿರಿಯರು ಹಾಗೆ ನಿಂತು, ನಿದ್ದೆಗೆಟ್ಟು ನೋಡಿದ್ದರು. ಚಂದ್ರ ಆಕಾಶವನ್ನು ಒಂದು ಸುತ್ತು ಹಾಕಲು ಇಪ್ಪತ್ತೇಳು ದಿನ, ಮೇಲೊಂದಿಷ್ಟು ತಾಸು. ಆದ್ದರಿಂದ 27 ನಕ್ಷತ್ರ. ಹುಣ್ಣಿಮೆಯ ಚಂದ್ರ ಚಿತ್ತೆಯ ಹತ್ತಿರವಿದ್ದರೆ ಚೈತ್ರ, ವಿಶಾಖೆಯ ಹತ್ತಿರವಿದ್ದರೆ ವೈಶಾಖ, ಕೃತ್ತಿಕೆಯ ಹತ್ತಿರವಿದ್ದರೆ ಕಾರ್ತಿಕ. ನಾವು ಹೆಸರುಗಳನ್ನು ಮಾತ್ರ ಉಳಿಸಿಕೊಂಡು ನೋಡುವುದನ್ನು ಬಿಟ್ಟೆವು. ಬಿಟ್ಟಿದ್ದು ನಮ್ಮ ನಷ್ಟ ಅಂತ ಸುಮ್ಮನಾಗಬಹುದಿತ್ತು. ಆದರೆ ನೋಡದ ಆ ನಕ್ಷತ್ರಗಳನ್ನೇ ಹಿಡಿದುಕೊಂಡು ಮನೆಯ ಹೆಣ್ಣುಮಕ್ಕಳ ಬಗ್ಗೆ ತೀರ್ಪು ಕೊಡುತ್ತೇವಲ್ಲ, ನನ್ನ ತಕರಾರು ಅದಕ್ಕೆ.

ನನ್ನ ಅಕ್ಕ ಮೂಲಾ ನಕ್ಷತ್ರದವಳು. ಓದಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೂಲಾ ಮಾವನಿಗೆ ಆಗದು, ಆಶ್ಲೇಷಾ ಅತ್ತೆಗೆ ಆಗದು, ಜ್ಯೇಷ್ಠಾ ಭಾವನಿಗೆ, ವಿಶಾಖಾ ಮೈದುನನಿಗೆ. ಗಂಡಿನ ಇಡೀ ಮನೆತನಕ್ಕೆ ವಿಮೆ ಮಾಡಿಸಿಟ್ಟಿದ್ದಾರೆ, ಕಂತು ಕಟ್ಟುವವಳು ಮಾತ್ರ ಹುಡುಗಿ! ಹುಡುಗ ಮೂಲಾದಲ್ಲಿ ಹುಟ್ಟಿದರೆ ಇಷ್ಟು ಗಲಾಟೆ ಇಲ್ಲ. ಮೂರು ಕಡೆಯವರು ಬಂದರು, ಅವಲಕ್ಕಿ ತಿಂದರು, ಚಹಾ ಕುಡಿದರು, ಹುಡುಗಿ ಪಸಂದ್ ಅಂದರು. ಜಾತಕ ಕೈಗೆ ಹೋದ ಮೇಲೆ ಸುದ್ದಿಯಿಲ್ಲ. ಒಬ್ಬರು ಮಾತ್ರ ಪ್ರಾಮಾಣಿಕರು. ಹುಡುಗನ ತಂದೆಗೆ ಈಗಾಗಲೇ ಬಿ.ಪಿ. ಇದೆ, ಸುಮ್ಮನೆ ಯಾಕೆ ಅಂತ ಹೇಳಿ ಕಳಿಸಿದರು.

ನಾನು ಬಿ.ಕಾಂ. ಓದುವವನು, ಲೆಕ್ಕ ಹಾಕದೆ ಇರಲಾರೆ. ಚಂದ್ರ ಪ್ರತಿ ತಿಂಗಳೂ ಹೆಚ್ಚುಕಡಿಮೆ ಒಂದು ದಿನ ಮೂಲಾದಲ್ಲಿರುತ್ತಾನೆ. ಅಂದರೆ ಇಪ್ಪತ್ತೇಳು ಜನರಲ್ಲಿ ಸುಮಾರು ಒಬ್ಬರು ಮೂಲಾದವರು. 2011ರ ಜನಗಣತಿಯಲ್ಲೇ ಈ ಊರಿನ ಜನಸಂಖ್ಯೆ 60 ಲಕ್ಷ ದಾಟಿತ್ತು. ಎರಡು ಲಕ್ಷಕ್ಕೂ ಮೇಲೆ ಮೂಲಾದವರಾದರು. ಅರ್ಧ ಹೆಂಗಸರೆಂದರೂ ಒಂದು ಲಕ್ಷ. ಮುಸಲ್ಮಾನರು, ಕ್ರೈಸ್ತರು ಜಾತಕ ಕೇಳುವುದಿಲ್ಲ. ಅವರ ಮನೆಗೂ ಮೂಲಾದ ಸೊಸೆಯಂದಿರು ದಿನಾ ಬರುತ್ತಿದ್ದಾರೆ. ಆ ಮಾವಂದಿರೆಲ್ಲ ಚಾರ್‌ಮಿನಾರಿನ ಸುತ್ತ ಆರಾಮಾಗಿ ಓಡಾಡಿಕೊಂಡಿದ್ದಾರಲ್ಲ, ಅದು ಹೇಗೆ?

ಹೋದ ಮೇ ತಿಂಗಳ ಕೊನೆಯಲ್ಲಿ ಒಂದು ಸಂಜೆ ಗಾಳಿ-ಮಳೆ ಬಂದು ಕಾಚಿಗೂಡದ ನಮ್ಮ ಗಲ್ಲಿಯ ಕರೆಂಟು ಹೋಯಿತು. ಸೆಕೆಗೆ ಎಲ್ಲರೂ ಚಾಪೆ ತಗೊಂಡು ಮಾಳಿಗೆ ಹತ್ತಿದೆವು. ಮಳೆ ತೊಳೆದ ಆಕಾಶ, ಅಮಾವಾಸ್ಯೆಯ ಹತ್ತಿರದ ದಿನ; ಈ ಊರಲ್ಲಿ ಅಷ್ಟು ನಕ್ಷತ್ರಗಳನ್ನು ನಾನು ಕಂಡಿದ್ದೇ ಇಲ್ಲ. ಉತ್ತರಕ್ಕೆ ಸಪ್ತರ್ಷಿ ಮಂಡಲ. ಅದರ ಬಾಲದ ಬಾಗನ್ನೇ ಹಿಡಿದು ಮುಂದೆ ಹೋದರೆ ನೆತ್ತಿಯ ಹತ್ತಿರ ಸ್ವಾತಿ, ಇನ್ನೂ ಮುಂದೆ ದಕ್ಷಿಣಕ್ಕೆ ಚಿತ್ತೆ. ಇದನ್ನು ಏಳನೇ ಇಯತ್ತೆಯಲ್ಲಿ ನಮ್ಮ ಕನ್ನಡ ಶಾಲೆಯ ಮಾಸ್ತರರು ಹಲಗೆಯ ಮೇಲೆ ಚುಕ್ಕಿ ಇಟ್ಟು ಕಲಿಸಿದ್ದರು. ಇಂಗ್ಲಿಷ್ ಮೀಡಿಯಂ ತಮ್ಮ ಆಗ್ನೇಯಕ್ಕೆ ಕೈ ಮಾಡಿ ಅದು ಸ್ಕಾರ್ಪಿಯೋ, ಕೆಂಪಗಿರೋದು ಆಂಟೇರಿಸ್ ಅಂದ. ಆಯಿ, “ಯಾವ ಆಂಟಿನೋ? ಅದು ಜ್ಯೇಷ್ಠಾ” ಅಂದಳು. ಇಬ್ಬರೂ ಹೇಳಿದ್ದು ಒಂದೇ ಚುಕ್ಕಿ! ಜ್ಯೇಷ್ಠಾ ಆದ ಮೇಲೆ ಮೂಲಾ ತಾನೆ? ಹನ್ನೊಂದರ ಸುಮಾರಿಗೆ ಚೇಳಿನ ಬಾಲವೂ ಎದುರು ಮನೆಯ ನೀರಿನ ಟಾಕಿಯ ಮೇಲಕ್ಕೆ ಬಂತು. ಕೊಂಡಿಯ ತುದಿಯಲ್ಲಿ ಒತ್ತೊತ್ತಾಗಿ ಎರಡು ಚುಕ್ಕಿ, ಅದರಲ್ಲಿ ಹೆಚ್ಚು ಹೊಳೆಯುವುದು ಮೂಲಾ.

ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಕ್ಕನೇ, “ಮಾವನ್ನ ಕೊಲ್ಲೋದು ಇದss ಏನು? ಇಷ್ಟು ದೂರದಿಂದ ಗುರಿ ಹೆಂಗ ಹಿಡೀತದ?” ಅಂದಳು. ಆಯಿ ನಕ್ಕುಬಿಟ್ಟಳು. ಜಾತಕದ ವಿಷಯದಲ್ಲಿ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಗಟ್ಟಿ ಅವಳೇ, ಅದಕ್ಕೇ ಹೇಳುತ್ತಿದ್ದೇನೆ. ಅಪ್ಪ ಮಾತ್ರ, “ನಾವು ನೋಡಿದ್ರ ಏನಾತು? ಬರೋ ಮಂದಿ ಕೇಳಬೇಕಲ್ಲ” ಅಂದರು. ಅಪ್ಪನ ಮಾತು ಖರೆ. ಅದಕ್ಕೇ ಇದನ್ನು ಬರೆಯಬೇಕಾಯಿತು.

ಅಕ್ಕ ತಮಾಷೆಗೆ ಅಂದದ್ದರಲ್ಲಿ ಲೆಕ್ಕವೂ ಇದೆ. ಆ ನಕ್ಷತ್ರ ಎಷ್ಟು ದೂರವೆಂದರೆ ಅಲ್ಲಿಂದ ಬೆಳಕು ನಮ್ಮನ್ನು ಮುಟ್ಟಲು ನೂರಾರು ವರ್ಷ ಬೇಕು. ಇನ್ನೊಂದು ಸಂಗತಿ. ಮೂಲಾದಲ್ಲಿ ಹುಟ್ಟಿದಳು ಅಂದರೆ ಹುಟ್ಟಿದಾಗ ಚಂದ್ರ ಮೂಲಾದಲ್ಲಿದ್ದ ಅಂತ ತಾನೆ? ಚಂದ್ರ ಈ ನಕ್ಷತ್ರವನ್ನು ಎಂದೂ ಮುಟ್ಟುವುದೇ ಇಲ್ಲ. ಅವನ ದಾರಿ ಅದರ ಉತ್ತರಕ್ಕೆ, ಎಂಟು ಡಿಗ್ರಿಗಿಂತ ಹತ್ತಿರಕ್ಕೆ ಬರುವುದಿಲ್ಲ. ಕೈ ಚಾಚಿ ಮುಷ್ಟಿ ಹಿಡಿಯಿರಿ, ಹೆಚ್ಚುಕಡಿಮೆ ಅಷ್ಟಗಲ.

ಶಾಸ್ತ್ರವನ್ನು ಹುಡುಗರು ಹೀಯಾಳಿಸಬಾರದು ಎನ್ನುವವರಿದ್ದಾರೆ. ಹೀಯಾಳಿಸುತ್ತಿಲ್ಲ ಸ್ವಾಮಿ, ನೋಡಿ ಅನ್ನುತ್ತಿದ್ದೇನೆ. ನೋಡಿ ಬರೆದಿಡುವುದು ಈ ಊರಿಗೇನೂ ಹೊಸದಲ್ಲ. ನವಾಬ್ ಜಫರ್ ಜಂಗ್ 1901ರಲ್ಲಿ ಇಂಗ್ಲೆಂಡಿನಿಂದ ದೊಡ್ಡ ದೂರದರ್ಶಕ ತರಿಸಿ ಫಿಸಲ್‌ಬಂಡಾದಲ್ಲಿ ವೀಧಶಾಲೆ ಶುರು ಮಾಡಿದರು. ಅವರ ನಂತರ ನಿಜಾಮ್ ಸರ್ಕಾರ ಅದನ್ನು ವಹಿಸಿಕೊಂಡಿತು. ನಿಜಾಮಿಯಾ ವೀಧಶಾಲೆ ಬೇಗಂಪೇಟೆಗೆ ಬಂತು. ಜಗತ್ತಿನ ಹಲವು ವೀಧಶಾಲೆಗಳು ಆಕಾಶವನ್ನು ಪಾಲು ಹಂಚಿಕೊಂಡು ನಕ್ಷತ್ರಗಳ ಪಟ್ಟಿ ಮಾಡುತ್ತಿದ್ದ ಕಾಲ ಅದು. ಗಾಜಿನ ಫಲಕಗಳ ಮೇಲೆ ಫೋಟೋ ತೆಗೆದು, ಒಂದೊಂದೇ ಚುಕ್ಕಿ ಅಳೆದು, ಹೈದರಾಬಾದಿನವರು ತಮ್ಮ ಪಾಲಿನ 7 ಲಕ್ಷಕ್ಕೂ ಹೆಚ್ಚು ನಕ್ಷತ್ರಗಳ ಸ್ಥಾನವನ್ನು ಸಂಪುಟ ಸಂಪುಟವಾಗಿ ಅಚ್ಚು ಹಾಕಿಸಿದರು. ನನ್ನ ಕಣ್ಣಿಗೆ ಅದೊಂದು ಲೆಡ್ಜರು. ನಕ್ಷತ್ರಕ್ಕೊಂದು ಸಾಲು, ಸಾಲಿಗಿಷ್ಟು ಅಂಕಿ. ಮಾವನಿಗೆ ಆಗುತ್ತದೋ ಇಲ್ಲವೋ ಅನ್ನುವ ಕಲಮು ಮಾತ್ರ ಇಲ್ಲ.

ನೌಬತ್ ಪಹಾಡಿನ ಮೇಲೆ 1985ರಿಂದ ಬಿರ್ಲಾ ತಾರಾಲಯವಿದೆಯಲ್ಲ, ಮಕ್ಕಳನ್ನು ಕರಕೊಂಡು ಹೋದರಾಯಿತು ಅನ್ನಬಹುದು. ಹೋಗಿ, ಬೇಡ ಅನ್ನುವುದಿಲ್ಲ. ಆದರೆ ಅಲ್ಲಿಗೆ ಆಯಂದಿರು ಬರುವುದಿಲ್ಲ, ಕತ್ತಲಲ್ಲಿ ಬಾಯಿ ಬಿಟ್ಟು ಜ್ಯೇಷ್ಠಾ ಅನ್ನುವ ಹಾಗೂ ಇಲ್ಲ. ನಮ್ಮ ಹೆಂಗಸರ ಬಾಯಲ್ಲಿ ಹೆಸರುಗಳಿವೆ, ಹುಡುಗರ ಪಾಠಪುಸ್ತಕದಲ್ಲಿ ದೂರ-ಅಳತೆಗಳಿವೆ. ಎರಡೂ ಒಂದೇ ಚಾಪೆಯ ಮೇಲೆ ಕೂತದ್ದು ನಾನು ಕಂಡದ್ದು ಅದೊಂದೇ ರಾತ್ರಿ, ಅದೂ ಕರೆಂಟಿನವರ ಕೃಪೆ.

ಆದ್ದರಿಂದ ನಮ್ಮ ಸಂಘಕ್ಕೆ ಒಂದು ಸೂಚನೆ. ರಾಜ್ಯೋತ್ಸವ, ಕವಿಗೋಷ್ಠಿ ನಡೆಯಲಿ. ಜೊತೆಗೆ ವರ್ಷಕ್ಕೊಂದು ಅಮಾವಾಸ್ಯೆಯ ರಾತ್ರಿ, ಬೀದಿ ದೀಪದ ಕಾಟವಿಲ್ಲದ ಯಾವುದಾದರೊಂದು ಮಾಳಿಗೆಯಲ್ಲಿ ಎಲ್ಲರ ಮನೆಯವರೂ ಸೇರೋಣ. ದುರ್ಬೀನು ಬೇಡ. ಕನ್ನಡದಲ್ಲಿ ಜಿ. ಟಿ. ನಾರಾಯಣರಾಯರಂಥವರು ನಕ್ಷತ್ರಗಳ ಬಗ್ಗೆ ಬರೆದದ್ದಿದೆ, ಅದನ್ನು ಒಬ್ಬರು ಓದಿಕೊಂಡು ಬಂದರೆ ಸಾಕು. ಟಾರ್ಚಿನ ಗಾಜಿಗೆ ಕೆಂಪು ಕಾಗದ ಕಟ್ಟಬೇಕು, ಇಲ್ಲದಿದ್ದರೆ ಕಣ್ಣು ಕುಕ್ಕಿ ಮತ್ತೆ ಹತ್ತು ನಿಮಿಷ ಏನೂ ಕಾಣುವುದಿಲ್ಲ. ಸೊಸೆ ಹುಡುಕುತ್ತಿರುವ ಹಿರಿಯರನ್ನು ವಿಶೇಷವಾಗಿ ಕರೆಯಬೇಕು. ಮೇ ಅಮಾವಾಸ್ಯೆಗೇ ಇಟ್ಟುಕೊಳ್ಳೋಣ. ಮಿರಗ ಕೂಡಿದ ಮೇಲೆ ಮೋಡ ಕಟ್ಟಿತೆಂದರೆ ಮೂಲಾ ತೋರಿಸಲು ಆಗುವುದಿಲ್ಲ. ಚಾಪೆ ನಾನು ತರುತ್ತೇನೆ.